ಸೀಗೆಗುಡ್ಡದ ಹಟ್ಟಿ ಎದ್ದ ದಿನ

ಮಂಚ ಕಾಲು ಮೇಲೆ ಮಾಡಿಕೊಂಡು ಹೋಗುತ್ತಿದೆ, ನಾಲ್ಕು ಕಾಲೂ ಆಕಾಶಕ್ಕೆ, ಕಾಲುಗಳ ನಡುವೆ ಸುತ್ತಿದ ಹಾಸಿಗೆ, ಹಾಸಿಗೆಯ ಮೇಲೆ ಕವುಚಿದ ಮಕ್ಕರಿ, ಮಕ್ಕರಿಯೊಳಗೆ ಕೋಳಿ, ಬೇಲಿಯ ಕಿಂಡಿಗೆ ಬಂತು, ಕಿಂಡಿಯಿಂದ ಹೋಯಿತು, ಆಮೇಲೆ ಬರೀ ಧೂಳು, ಯಾರ ಮನೆಯ ಮಂಚ ಅದು, ಮಾನಸಳಿಗೆ ಗುರುತು ಹತ್ತಲಿಲ್ಲ, ಕಾಲು ಮೇಲಾದರೆ ಎಲ್ಲರ ಮಂಚವೂ ಒಂದೇ ಥರ, ಕಾಲು ಮೇಲಾದರೆ — ಬೇಡ. ಇನ್ನೊಂದು ಟ್ರ್ಯಾಕ್ಟರು ಬರುತ್ತಿದೆ, ಅದನ್ನು ನೋಡಬೇಕು, ಬಾಗಿಲುಗಳು, ಬರೀ ಬಾಗಿಲುಗಳು, ಮನೆ ಬಿಟ್ಟರೂ ಬಾಗಿಲು ಬಿಡುವುದಿಲ್ಲ ನಮ್ಮ ಜನ, ಹೊಸ ಮನೆಗೆ ಕಬ್ಬಿಣದ ಬಾಗಿಲು ಕೂರಿಸಿದ್ದಾರೆ, ಆದರೂ ಹೊತ್ತುಕೊಂಡು ಹೋಗುತ್ತಾರೆ, ಬಾಗಿಲ ಮೇಲೆ ಅರಿಶಿನದ ಬೊಟ್ಟು ಹಾಗೇ ಇದೆ. ಐವತ್ತೆರಡು ಮನೆಯ ಹಟ್ಟಿ ಇವತ್ತು ಏಳುತ್ತಿದೆ. ಅವಳು ಒಬ್ಬಳೇ ಕುಳಿತಿದ್ದಾಳೆ, ಮುಳ್ಳುಬೇಲಿಯ ಆಚೆ, ಹೊರಗಾದವರ ಗುಡಿಸಲಿನಲ್ಲಿ, ತಗಡಿನ ಮಾಡು, ಮೂರು ಕಡೆ ಗೋಡೆ, ತಿಂಗಳಿಗೆ ಮೂರು ದಿನ ಹಟ್ಟಿಯ ಹೆಂಗಸರೆಲ್ಲ ಇಲ್ಲಿಗೆ ಬರಬೇಕು, ಹೆತ್ತವಳು ಕೂಸಿನ ಜೊತೆ ತಿಂಗಳಿಗೂ ಮೇಲೆ ಇರಬೇಕು, ಒಳಗಿರುವವರು ಹೊರಗಿನವರನ್ನು ಮುಟ್ಟಬಾರದು, ಹೊರಗಿನವರು ಬೇಲಿ ದಾಟಬಾರದು. ಅವಳು ಹೊರಗಾಗಿಲ್ಲ. ಸುಳ್ಳು ಹೇಳಿ ಬಂದು ಕುಳಿತಿದ್ದಾಳೆ. ಮದುವೆಯಾಗಿ ಆರು ವರ್ಷದಲ್ಲಿ ಹಟ್ಟಿಗೆ ಹೇಳಿದ ಮೊದಲ ಸುಳ್ಳು, ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳುತ್ತಿಲ್ಲ, ಮೂರು ವರ್ಷದಿಂದ ಎದೆಗೆ ಅಂಥದ್ದು ಯಾವುದೂ ಬರುವುದಿಲ್ಲ, ಗಡಿಯಾರದ ಹಾಗೆ ನಡೆಯುತ್ತದೆ, ಅಷ್ಟೇ.

ಬೆಳಿಗ್ಗೆ ಹೇಳಿದ್ದು, ಅತ್ತೆ, ನಾನು ಹೊರಗಾದೆ. ಯಲ್ಲಕ್ಕನ ಕೈಯಲ್ಲಿ ಕುಕ್ಕರಿನ ಮುಚ್ಚಳ, ಕುಕ್ಕರು ಯಾವ ಚೀಲಕ್ಕೆ ಹೋಯಿತೋ, ಯಲ್ಲಕ್ಕ ಮುಚ್ಚಳವನ್ನೇ ನೋಡುತ್ತಾ ನಿಂತಳು, ಹಟ್ಟಿಯಲ್ಲಿ ಯಾರ ದಿನ ಯಾವಾಗ ಎಂದು ಎಲ್ಲ ಹೆಂಗಸರಿಗೂ ಗೊತ್ತು, ಅತ್ತೆಗೆ ಗೊತ್ತಿಲ್ಲದೆ ಇರುತ್ತದೆಯೇ, ನೀ ವಳಗ್ ಬಂದು ಹನ್ನೆರಡು ದಿನ ಆಗಿಲ್ವಲ್ಲೇ, ಅಂದಳು ಮೆಲ್ಲಗೆ. ಹೂಂ ಅತ್ತೆ. ಮಾತ್ರೆಗೀತ್ರೆ ತಿಂದ್ಯಾ? ಇಲ್ಲ. ಯಲ್ಲಕ್ಕ ಅವಳ ಮುಖ ನೋಡಿದಳು, ಆಮೇಲೆ ಗುಡ್ಡದ ಕಡೆ ನೋಡಿದಳು, ಮುಚ್ಚಳವನ್ನು ಬಟ್ಟೆಯ ಗಂಟಿಗೆ ತುರುಕಿ ಅಂಗಳಕ್ಕೆ ಹೋಗಿ ಗಂಡಸರಿಗೆಲ್ಲ ಕೇಳುವ ಹಾಗೆ ಕೂಗಿದಳು, ಮಾನ್ಸ ಹೊರಗಾಗವ್ಳೆ, ನಾನೇ ಕಂಡೀನಿ. ಚಿಕ್ಕಮಾವ ಮಂಜಣ್ಣ ಹಗ್ಗ ಬಿಗಿಯುತ್ತಿದ್ದವನು ಹಗ್ಗ ಬಿಟ್ಟ, ಥೂ, ಇವತ್ತೇ ಆಗ್ಬೇಕಿತ್ತಾ, ದೇವ್ರು ಏಳೋ ದಿನ. ಅದೇನ್ ದುರ್ಗದ ಬಸ್ಸೇನೋ ಮಂಜಣ್ಣ, ಟೈಮ್ ನೋಡ್ಕಂಡ್ ಬರಾಕೆ, ಅಂದಳು ಯಲ್ಲಕ್ಕ, ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, ಮಂಜಣ್ಣನ ಕಿವಿ ಕೆಂಪಾಯಿತು. ಮಾವ ಜುಂಜಯ್ಯ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ನಿಂತಿದ್ದ, ದೇವರ ಪೆಟ್ಟಿಗೆ ಹೊರುವವನು ಅವನೇ, ಹೊರಗಾದ ಹೆಸರು ಕಿವಿಗೆ ಬಿದ್ದದ್ದಕ್ಕೆ ಮತ್ತೊಂದು ಸಲ ತಲೆಗೆ ನೀರು ಹಾಕಿಕೊಂಡ. ತಾಲ್ಲೂಕು ಕಚೇರಿಯಿಂದ ಬಂದಿದ್ದ ಸರ್ವೆಯ ಮೋಹನ್‌ಕುಮಾರ್ ಕಾಗದದ ಹಲಗೆ ಹಿಡಿದು ಓಡಿ ಬಂದ, ಏನ್ರೀ ಇದು, ಯಾರೂ ಉಳೀಬಾರ್ದು ಕಣ್ರೀ, ನಾಳೆ ಬೆಳಿಗ್ಗೆ ಮಿಷನ್ ಬರ್ತವೆ, ಖಾಲಿ ಆಗೈತೆ ಅಂತ ನಾನ್ ಸೈನ್ ಹಾಕ್ಬೇಕು. ಸ್ವಾಮಿ, ದೇವ್ರು ಹೋಗೋ ದಾರೀಲಿ ಹೊರಗಾದೋಳು ಹೋಗಂಗಿಲ್ಲ, ಅಂದ ಜುಂಜಯ್ಯ. ಬೇರೆ ದಾರೀಲಿ ಕಳಿಸ್ರಿ. ಬೇರೆ ದಾರಿ ಎಲ್ಲೈತೆ, ಇದ್ದ ಇನ್ನೊಂದ್ ದಾರಿ ಕಂಪ್ನಿಯೋರು ಅಗೆದು ಹಾಕವ್ರೆ, ಅದ್ರಾಗೆ ಈಗ ಮೀನವೆ, ಅಂದ ಮಂಜಣ್ಣ. ಕಡೆಗೆ ಒಪ್ಪಂದವಾಯಿತು, ದೇವರು ಮುಂದೆ ಹೋಗಲಿ, ಕುರಿ ಹೋಗಲಿ, ಜನ ಹೋಗಲಿ, ಸಂಜೆ ಐದಕ್ಕೆ ಮೋಹನ್‌ಕುಮಾರನ ಜೀಪು ಬಂದು ಇವಳನ್ನು ಕರೆದುಕೊಂಡು ಹೋಗಿ ಹೊಸ ಹಟ್ಟಿಯ ಹೊರಗೆ ಟಾರ್ಪಾಲಿನ ಕೆಳಗೆ ಇಳಿಸಬೇಕು. ಆಮೇಲ್ ಜೀಪು ತೊಳೀಬೇಕಾಗ್ತೈತೆ ಸಾರ್. ನನ್ ಜೀಪು ತೊಳ್ದು ಆರ್ ತಿಂಗ್ಳಾತು, ಒಳ್ಳೇದೇ ಆತು ಬಿಡ್ರಿ. ಆಮೇಲೆ ಮೋಹನ್‌ಕುಮಾರ್ ಅವಳ ಕಡೆ ತಿರುಗಿ ದನಿ ಇಳಿಸಿ, ಮೇಡಂ, ನೀವು ಎಂ.ಎ. ಮಾಡಿದೋರು, ನೀವೂ ಹಿಂಗೆ ಕೂತ್ಕಂಡ್ರೆ ಹೆಂಗೆ, ಅಂದ. ಅವಳು ಹೇಳಿದಳು, ಆಗಿದೆ ಸಾರ್, ಏನು ಮಾಡೋದು. ಎಂ.ಎ. ಓದುವಾಗ ದಾವಣಗೆರೆಯಲ್ಲಿ ಒಂದು ಸೆಮಿನಾರು, ಇದೇ ಗುಡಿಸಲಿನ ಬಗ್ಗೆ ಇಪ್ಪತ್ತು ನಿಮಿಷ ಓದಿದ್ದಳು, ಚಪ್ಪಾಳೆ ಬಿದ್ದಿತ್ತು, ಪ್ರೊಫೆಸರು ಇದನ್ನ ಪ್ರಿಂಟ್ ಮಾಡಿಸಮ್ಮ ಅಂದಿದ್ದರು. ಮಾಡಿಸಲಿಲ್ಲ. ಗಂಡ ಬಾಲರಾಜು ಓದಿ, ಚೆನ್ನಾಗೈತೆ ಕಣೆ, ನಮ್ಮಪ್ಪಂಗೆ ಮಾತ್ರ ತೋರಿಸ್ಬೇಡ, ಅಂದು ನಕ್ಕಿದ್ದ.

ಅಮ್ಮ ಯಾಕ್ ಬರಲ್ಲ, ಮಗಳು ಕಾವ್ಯ ಟ್ರ್ಯಾಕ್ಟರಿನ ಮೇಲಿಂದ ಕೇಳುತ್ತಿದ್ದಳು, ಮೂರು ವರ್ಷದ ದನಿ ಬೇಲಿ ದಾಟಿ ಬರುತ್ತಿತ್ತು, ಅಮ್ಮಂಗೆ ಕಾಗೆ ಮುಟ್ಟೈತೆ ಕಣವ್ವ, ಯಾವ ಕಾಗೆ, ಅಗೋ ಅಲ್ ಕುಂತೈತಲ್ಲ ಅದು, ಎಲ್ ಮುಟ್ತು, ಹೆಂಗಸರು ನಗುತ್ತಿದ್ದರು, ನಂಗೂ ಮುಟ್ಲಿ, ನಾನೂ ಅಮ್ಮನ್ ತಾವ ಕೂತ್ಕಂತೀನಿ, ಅಂದಾಗ ನಗು ಒಮ್ಮೆಗೇ ನಿಂತಿತು, ಯಾರೋ ಟ್ರ್ಯಾಕ್ಟರು ಸ್ಟಾರ್ಟ್ ಮಾಡಿದರು. ಮುಟ್ಟುತ್ತದೆ ಮಗಳೇ, ಇನ್ನು ಒಂಬತ್ತೋ ಹತ್ತೋ ವರ್ಷಕ್ಕೆ ನಿನಗೂ ಮುಟ್ಟುತ್ತದೆ, ಹೊಸ ಹಟ್ಟಿಯಲ್ಲೂ ಹೊರಗೊಂದು ಕೋಣೆ ಬೇಕೆಂದು ಮಾವ ಅರ್ಜಿ ಬರೆಸಿದ್ದಾನೆ, ಬರೆದವಳು ಅವಳೇ, ಹಟ್ಟಿಯ ಅರ್ಜಿಗಳನ್ನೆಲ್ಲ ಬರೆಯುವವಳು ಅವಳೇ, ಮಾನ್ಯರೇ ಎಂದು ಶುರು ಮಾಡಿ ಕೈ ಬರೆಯುತ್ತಾ ಹೋಯಿತು, ತಲೆ ಎಲ್ಲೋ ಇತ್ತು, ಅದರ ಬಗ್ಗೆ ಇನ್ನೊಂದು ದಿನ ಯೋಚಿಸಬೇಕು, ಇವತ್ತಲ್ಲ, ಇವತ್ತು ಒಂದೇ ಕೆಲಸ. ಎಲ್ಲರೂ ಹೊರಡುವ ಗದ್ದಲದಲ್ಲಿ ಯಲ್ಲಕ್ಕ ಮತ್ತೆ ಬಂದಳು, ಬೇಲಿಯ ಈಚೆ ಬಂದು ದೂರದಿಂದಲೇ ರೊಟ್ಟಿಯ ಗಂಟು ನೆಲಕ್ಕಿಟ್ಟಳು, ನೀರಿನ ಬಾಟಲಿ ಇಟ್ಟಳು, ಸುಳ್ಳು ಹೊರಗಾದವಳನ್ನು ಮುಟ್ಟಿದರೆ ಮೈಲಿಗೆ ಇಲ್ಲ, ಆದರೂ ಮುಟ್ಟಲಿಲ್ಲ, ಯಾರಾದರೂ ನೋಡಿದರೆ, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು, ನಂದೂ ಸೇರ್ಸಿ ನೋಡ್ಕಂಡ್ ಬಾ. ಅಷ್ಟೇ. ತಿರುಗಿ ನೋಡದೆ ಹೋದಳು. ಮಗನನ್ನು ಹೂತ ಗುದ್ದನ್ನು ಅವಳೂ ನೋಡಿಲ್ಲ. ಹಟ್ಟಿಯ ಯಾವ ಹೆಂಗಸೂ ನೋಡಿಲ್ಲ, ಹೆತ್ತವಳಾಗಲಿ ಕಟ್ಟಿಕೊಂಡವಳಾಗಲಿ ಹೆಣ ಬೇಲಿ ದಾಟುವವರೆಗೆ ಅಳಬೇಕು, ಮಣ್ಣಿಗೆ ಹೋಗುವವರು ಗಂಡಸರು, ಮಸಣದ ಅಡ್ಡಗಲ್ಲಿನಿಂದ ಆಚೆ ಹೆಂಗಸು ಕಾಲಿಡಬಾರದು. ನಾಳೆ ಬೆಳಿಗ್ಗೆ ಮಿಷನ್ ಬರುತ್ತದೆ. ಗಣಿಯ ಕಸದ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ತಳ್ಳುತ್ತಾರಂತೆ, ತಳ್ಳಿದ್ದೆಲ್ಲ ಬೀಳುವುದು ಅಡ್ಡಗಲ್ಲಿನ ಆಚೆ, ಬಾಲರಾಜುವಿನ ಮೇಲೆ. ಸಂಜೆ ಐದರೊಳಗೆ ನೋಡಬೇಕು, ನೋಡದಿದ್ದರೆ ಇನ್ನು ಇಲ್ಲ.

ಈಗ ಒಂದೂವರೆ. ಕೊನೆಯ ಟ್ರ್ಯಾಕ್ಟರಿನ ಸದ್ದು ಇಳಿಜಾರಿನಲ್ಲಿ ಕರಗಿ ಹೋಯಿತು, ಕುರಿಗಳ ಹಿಕ್ಕೆಯ ವಾಸನೆ ಮಾತ್ರ ಉಳಿದಿದೆ, ಏಳು, ಏಳು ಮಾನಸ, ಕಾಲು ಏಳುತ್ತಿಲ್ಲ, ಕಣ್ಣು ಮತ್ತೆ ಕಿಂಡಿಗೇ ಹೋಗುತ್ತಿದೆ, ಆ ಕಿಂಡಿ ಬೇಲಿಗೆ ಇದ್ದದ್ದಲ್ಲ, ಅವನು ಮಾಡಿದ್ದು. ಕಾವ್ಯ ಹುಟ್ಟಿ ನಾಲ್ಕನೆಯ ದಿನ, ಇದೇ ಗುಡಿಸಲು, ಇದೇ ಮೂಲೆ, ಅವಳು ಕೂಸನ್ನು ಮಲಗಿಸಿಕೊಂಡು ಒರಗಿದ್ದಾಳೆ, ಬೇಲಿಯಲ್ಲಿ ಕರಕರ ಸದ್ದು, ಹೆಗ್ಗಣವೋ ನಾಯಿಯೋ ಎಂದು ನೋಡಿದರೆ ಮುಳ್ಳಿನ ನಡುವೆ ಒಂದು ಕಣ್ಣು, ಬಾಲರಾಜು, ಕಾರೆಮುಳ್ಳನ್ನು ಎಳೆದೆಳೆದು ಒಂದು ಮೊಳ ತೂತು ಮಾಡಿದ್ದಾನೆ, ಎತ್ತಿ ಹಿಡಿಯೆ ಸ್ವಲ್ಪ, ಇನ್ನೂ ಮೇಲೆ, ಹಾಂ, ಮೂಗು ನಿಂದಾ ನಂದಾ, ಗೊತ್ತಿಲ್ಲ, ಹಣೆ ಮಾತ್ರ ನಮ್ಮಪ್ಪಂದು ಕಣೆ, ದೇವ್ರ ಪೆಟ್ಟಿಗೆ ಹೊರಸ್ಬೋದು. ಹೆಣ್ಣಿಗೆ ಪೆಟ್ಟಿಗೆ ಕೊಡ್ತಾರಾ? ಕೊಡ್ದಿದ್ರೆ ನಾನು ಕದ್ಕಂಡ್ ಬರ್ತೀನಿ. ದಿನಾ ಬರುತ್ತಿದ್ದ, ಗಣಿಯ ಕಾವಲಿನ ಪಾಳಿ ಮುಗಿಸಿ, ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಕೋರ್ಟಿನ ತೀರ್ಪು, ಅದಿರು ಹೋಗುವುದು ನಿಂತಿತ್ತು, ತುಕ್ಕು ಹಿಡಿದ ಬೆಲ್ಟನ್ನೂ ಲಾರಿ ತೂಗುವ ಕಾಟಾ ಕೋಣೆಯನ್ನೂ ಕಾಯಲು ಒಬ್ಬನನ್ನು ಇಟ್ಟಿದ್ದರು, ಏನ್ ಕಾಯ್ತೀಯಾ ಅಂದರೆ ತುಕ್ಕು ಕಾಯ್ತೀನಿ ಅನ್ನುತ್ತಿದ್ದ. ದಿನಾ ಕಿಂಡಿಗೆ ಮುಖ ತಂದು ನಿಲ್ಲುತ್ತಿದ್ದ, ಅವಳು ಎದ್ದು ಹೋಗಿ ಕಿಂಡಿಯಲ್ಲಿ ಕೈ ಹಾಕಿದ್ದರೆ ಅವನ ಗದ್ದ ಸಿಗುತ್ತಿತ್ತು, ಎರಡು ಮಾರು ಅಷ್ಟೇ, ಹಾಕಲಿಲ್ಲ, ಬಾಣಂತಿ ಮುಟ್ಟಬಾರದು, ಇನ್ನು ಇಪ್ಪತ್ತು ದಿನ ತಾನೇ ಎಂದುಕೊಂಡಳು, ಆಮೇಲೆ ಮುಟ್ಟುವುದು ಇದ್ದೇ ಇದೆ ಎಂದುಕೊಂಡಳು.

ಹತ್ತೊಂಬತ್ತನೆಯ ದಿನ. ಮೂರು ದಿನದ ಮಳೆ, ತಗಡಿನ ಮೇಲೆ ಮಳೆ ಬಡಿದು ಕೂಸಿನ ಅಳುವೇ ಕೇಳುತ್ತಿರಲಿಲ್ಲ, ಬೆಳಗಿನ ಏಳು ಗಂಟೆ, ದೊಡ್ಡ ಸದ್ದಲ್ಲ, ಗೋಣಿಚೀಲದಿಂದ ರಾಗಿ ಸುರಿದ ಹಾಗೆ ಒಂದು ಸದ್ದು, ಉದ್ದನೆಯ ಸದ್ದು, ಕಸದ ಗುಡ್ಡೆ ಜಾರಿತ್ತು. ಕೆಳಗಿನ ರೊಪ್ಪದಲ್ಲಿ ಕುರಿ ಇದ್ದವು, ಬಾಲರಾಜು ಕುರಿ ಬಿಡಲು ಓಡಿದ್ದನಂತೆ, ನಲವತ್ತು ಕುರಿ ಈಚೆ ಬಂದವು, ಹಿಂದೆ ಅವನು ಬರಲಿಲ್ಲ. ಮಧ್ಯಾಹ್ನದವರೆಗೆ ತೋಡಿದರು. ಅವಳಿಗೆ ಯಾರೂ ಹೇಳಲಿಲ್ಲ, ಹಟ್ಟಿಯೊಳಗಿಂದ ಯಲ್ಲಕ್ಕನ ಕೂಗು ಕೇಳಿತು, ಅದರಲ್ಲಿ ಹೆಸರಿತ್ತು. ಎದ್ದಳು, ಕೂಸು ಮೊಲೆ ಬಿಡಲಿಲ್ಲ, ಕೂಸಿನ ಸಮೇತ ಬೇಲಿಯವರೆಗೆ ಬಂದಳು, ಅಲ್ಲಿ ನಿಂತಳು. ಆಮೇಲೆ ಎಲ್ಲರೂ ಹೇಳಿದರು, ಹಸಿ ಬಾಣಂತಿ, ಪಾಪ, ಹಿಡ್ಕಂಡಿದ್ರಂತೆ, ಬಿಡ್ಲಿಲ್ಲಂತೆ, ತವರಿನವರೂ ಹಾಗೆಯೇ ತಿಳಿದಿದ್ದಾರೆ, ಸುಳ್ಳು, ಯಾರೂ ಹಿಡಿದಿರಲಿಲ್ಲ. ಬೇಲಿಯ ಗೇಟು ಇಪ್ಪತ್ತು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು, ಎಲ್ಲರೂ ಅಂಗಳದಲ್ಲಿದ್ದರು, ನಡೆದುಕೊಂಡು ಹೋಗಿದ್ದರೆ ತಡೆಯುವವರು ಇರಲಿಲ್ಲ, ಇಪ್ಪತ್ತು ನಿಮಿಷ ಮೈಕಿನಲ್ಲಿ ಓದಿದವಳು ಇಪ್ಪತ್ತು ಹೆಜ್ಜೆ ನಡೆಯಲಿಲ್ಲ, ಯಾಕೆ ಎಂದು ಮೂರು ವರ್ಷದಿಂದ ಕೇಳಿಕೊಳ್ಳುತ್ತಿದ್ದಾಳೆ, ಹೆದರಿಕೆಯೇ, ಹೆದರಿಕೆ ಅಲ್ಲ, ದೇವರೇ, ದೇವರೂ ಅಲ್ಲ, ಕಾಲಿಗೆ ಅದು ಗೊತ್ತೇ ಇರಲಿಲ್ಲ, ಅಷ್ಟೇ, ಕಾಲಿಗೆ ಯಾರೂ ಎಂ.ಎ. ಓದಿಸಿರಲಿಲ್ಲ. ನಾಲ್ಕು ಗಂಟೆಗೆ ಎತ್ತಿದರು. ಕಿಂಡಿಯಲ್ಲಿ ಮೊದಲು ಮಂಜಣ್ಣನ ಹೆಗಲು ಬಂತು, ಆಮೇಲೆ ಬಿದಿರು, ಬಿಳಿ ಬಟ್ಟೆ, ಬಿಳಿ ಬಟ್ಟೆ, ಇನ್ನೂ ಬಿಳಿ ಬಟ್ಟೆ, ಮುಖ ಯಾವಾಗ ಹೋಯಿತು ಗೊತ್ತಾಗಲಿಲ್ಲ, ಬಟ್ಟೆ ಮುಗಿದು ಅಂಗಾಲು ಬಂದವು. ಎರಡು ಅಂಗಾಲು. ತೊಳೆದಿದ್ದರು, ಆದರೂ ಹಿಮ್ಮಡಿಯ ಬಿರುಕಿನಲ್ಲಿ ಕೆಂಪು, ಗಣಿಯ ಕೆಂಪು ತೊಳೆದರೆ ಹೋಗುವುದಿಲ್ಲ, ಅವನ ಕಾಲಿನ ಅಳತೆ ಏಳು, ಹೆಬ್ಬೆರಳಿಗೆ ಏನೋ ಕಟ್ಟಿತ್ತು — ಬೇಡ. ಏಳು. ಎರಡು ಗಂಟೆಯಾಗುತ್ತಾ ಬಂತು.

ಎದ್ದಳು. ರೊಟ್ಟಿ ಹಾಗೇ ಇರಲಿ. ಹಟ್ಟಿಯೊಳಗಿಂದ ಹೋದರೆ ಹತ್ತಿರ, ಹೊರಗಿನಿಂದ ಸುತ್ತಿದರೆ ದೂರ, ಗೇಟಿನ ಬಳಿ ಒಂದು ಗಳಿಗೆ ನಿಂತಳು, ಒಳಗೆ ಯಾರೂ ಇಲ್ಲ, ದೇವರು ಸಹ ಇಲ್ಲ, ದೇವರು ಬೆಳಿಗ್ಗೆ ಒಂಬತ್ತಕ್ಕೆ ಮಾವನ ತಲೆಯ ಮೇಲೆ ಕುಳಿತು ತಾಳ್ಯದ ರಸ್ತೆಗೆ ಹೋದ, ಆದರೂ ಚಪ್ಪಲಿ ಬಿಟ್ಟಳು, ಬಿಟ್ಟದ್ದನ್ನು ನೋಡಿ ಮತ್ತೆ ಹಾಕಿಕೊಂಡಳು. ಬಾಗಿಲಿಲ್ಲದ ಮನೆಗಳು ಬಾಯಿ ತೆರೆದುಕೊಂಡು ಕುಳಿತಿವೆ, ಒಂದರ ಗೋಡೆಯ ಮೇಲೆ ಮತದಾನದ ಬರಹ, ಒಂದರಲ್ಲಿ ಒರಳುಕಲ್ಲು, ಎತ್ತಲಾಗದೆ ಬಿಟ್ಟಿದ್ದಾರೆ, ಒಂದು ಬೆಕ್ಕು ಅವಳನ್ನು ನೋಡಿ ಏನೂ ಆಗಿಲ್ಲವೆಂಬಂತೆ ಮುಖ ತೊಳೆದುಕೊಳ್ಳುತ್ತಿದೆ. ತಮ್ಮ ಮನೆ. ನೋಡಲಿಲ್ಲ, ದಾಟಿದಳು. ಹಿಂದಿನ ಗೇಟು, ಸೀಗೆಪೊದೆ, ಆಚೆ ಗುಡ್ಡೆ, ಎಷ್ಟು ಎತ್ತರ, ಹಟ್ಟಿಯಿಂದ ದಿನಾ ಕಾಣುತ್ತಿದ್ದದ್ದೇ, ಬುಡಕ್ಕೆ ಬಂದರೆ ಬೇರೆಯೇ, ಕೆಂಪು, ನೇರಳೆ, ಕಪ್ಪು, ಒಂದು ಹುಲ್ಲೂ ಇಲ್ಲ, ಇಪ್ಪತ್ತು ವರ್ಷ ಗುಡ್ಡದ ಹೊಟ್ಟೆ ಬಗೆದು ಬೇಡವಾದದ್ದನ್ನೆಲ್ಲ ಇಲ್ಲಿ ಸುರಿದರು, ಬೇಕಾದದ್ದನ್ನು ಲಾರಿಗೆ ತುಂಬಿ ಕಳಿಸಿದರು, ಹಟ್ಟಿಯ ಗಂಡಸರು ಕುರಿ ಮಾರಿ ಗಣಿಗೆ ಹೋದರು, ಗಣಿ ಮುಚ್ಚಿದ ಮೇಲೆ ಮತ್ತೆ ಕುರಿ ಕೊಂಡರು, ಬೇಡವಾದದ್ದು ಮಾತ್ರ ಇಲ್ಲೇ ಕಾದಿತ್ತು, ಮೂರು ದಿನದ ಮಳೆಗೆ. ಅವನು ಸತ್ತ ಮೇಲೆ ಸಾಹೇಬರು ಬಂದರು, ಅಳೆದರು, ಅಪಾಯದ ಜಾಗ ಎಂದು ಬರೆದರು, ಒಂಬತ್ತು ಮೈಲಿ ಆಚೆ ಐವತ್ತೆರಡು ಮನೆ ಕಟ್ಟಿಸಿದರು, ನಲ್ಲಿ ಕೊಟ್ಟರು, ಬಾಲರಾಜು ಹೋಗಿ ಹಟ್ಟಿ ಉಳೀತು ಎಂದು ಮಂಜಣ್ಣ ಒಮ್ಮೆ ಹೇಳಿದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅವಳು ಅನ್ನಕ್ಕೆ ಸಾರು ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು, ತಟ್ಟೆ ತುಂಬಿ ನೆಲಕ್ಕೆ ಇಳಿಯಿತು.

ಅಡ್ಡಗಲ್ಲು. ಇಷ್ಟೇನಾ, ಮೊಣಕಾಲೆತ್ತರದ ಒಂದು ಚಪ್ಪಡಿ, ಮೇಲೆ ಹಕ್ಕಿಯ ಹಿಕ್ಕೆ. ದಾಟಿದಳು, ಏನೂ ಆಗಲಿಲ್ಲ, ಇದೂ ಹೆಜ್ಜೆಯೇ, ಎಲ್ಲ ಹೆಜ್ಜೆಯ ಹಾಗೆ. ಆಚೆ ಇಳಿಜಾರು, ಕಲ್ಲುಗುಪ್ಪೆಗಳು, ಹತ್ತು, ಇಪ್ಪತ್ತು, ಮೂವತ್ತೊಂದು, ಅದಕ್ಕಿಂತ ಹೆಚ್ಚು, ಕೆಲವು ನೆಲಕ್ಕೆ ಸಮ, ಕೆಲವುಗಳ ತಲೆಯ ಕಡೆ ಕತ್ತಾಳೆ, ಅರ್ಧ ಜಾಗ ಆಗಲೇ ಕೆಂಪು ಕಸದ ಕೆಳಗೆ, ಅವನದೂ ಅದರ ಕೆಳಗಿದ್ದರೆ, ಇಲ್ಲ, ಜಾರಿದ ಮೇಲೆ ತಾನೇ ಹೂತದ್ದು, ಮೇಲೆಯೇ ಇರಬೇಕು, ಆದರೆ ಯಾವುದು, ಯಾರನ್ನು ಕೇಳಿದ್ದಳು, ಒಮ್ಮೆ ಮಂಜಣ್ಣನನ್ನು ಕೇಳಿದ್ದಳು, ಚಿಕ್ಕಮಾವ, ಎಲ್ಲಿ, ಬೇವಿನ ಮರದ ಮಗ್ಗುಲಾಗೆ ಕಣಮ್ಮ, ಒಳ್ಳೇ ನೆಳ್ಳೈತೆ. ಬೇವಿನ ಮರ ಇಲ್ಲ. ಯಾವ ಮರವೂ ಇಲ್ಲ, ಮೋಟು ಸಹ ಇಲ್ಲ, ಮಂಜಣ್ಣ ಸಮಾಧಾನಕ್ಕೆ ಮರ ನೆಟ್ಟಿದ್ದ, ಅವಳು ಮೂರು ವರ್ಷ ಆ ಮರದ ನೆರಳಲ್ಲಿ ಅವನನ್ನು ಮಲಗಿಸಿದ್ದಳು, ಬೇಸಿಗೆಯಲ್ಲಿ ಬೇವಿನ ಹೂವು ಉದುರಿಸಿದ್ದಳು. ಕಲ್ಲು ಹೊಸದಾಗಿ ಕಾಣುವ ಗುಪ್ಪೆ ಒಂದಿತ್ತು, ಉದ್ದವೂ ಸರಿ, ಅದರ ಬಳಿ ಹೋಗಿ ಕುಳಿತಳು, ಎಷ್ಟೋ ಹೊತ್ತು, ಏನು ಮಾಡುತ್ತಾರೆ ಇಂಥ ಕಡೆ, ಅಳಬೇಕು, ಕಣ್ಣು ಉರಿಯಿತು, ಅದು ಧೂಳಿಗೆ. ಹೆಸರು ಹಿಡಿದು ಕರೆಯೋಣ ಎನಿಸಿತು, ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ, ಕರೆದಳು, ಬಾಲರಾಜು, ಇನ್ನೊಂದು ಸಲ ಕರೆದಳು, ಬಾಲರಾಜು, ನಾನು, ಮಗಳ ಮೂಗು ನಿನ್ನದೇ, ಈಗ ಗೊತ್ತಾಯಿತು. ಗಾಳಿ ಬೀಸಿತು. ಒಳಗೆ ಏನೂ ಕದಲಲಿಲ್ಲ. ಎದ್ದು ತಲೆಯ ಕಡೆ ಬಂದರೆ ಅಲ್ಲಿ ನೆಟ್ಟ ಕಲ್ಲಿನ ಹಿಂಬದಿಗೆ ಬಣ್ಣದಲ್ಲಿ ಬರೆದಿದ್ದಾರೆ, ರಂಗಸ್ವಾಮಿ, ಹೋದ ವರ್ಷದ ತಾರೀಖು. ರಂಗಸ್ವಾಮಿ ತಾತ, ಹಲ್ಲಿಲ್ಲದವನು, ಪುರಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದವನು, ಯಾರಾದರೂ ಎದ್ದು ಹೋದರೆ ಅವರ ಎಲೆಯ ಹಪ್ಪಳಕ್ಕೆ ಕೈ ಹಾಕುತ್ತಿದ್ದವನು. ತಾತ, ತಪ್ಪಾತು, ಅಂದಳು. ಗಂಟಲಿನಿಂದ ಏನೋ ಬಂತು, ನಗುವಿನಂಥದ್ದು, ಮೂರು ವರ್ಷದಲ್ಲಿ ಮೊದಲು ಬಂದದ್ದು, ಹೊರಗೆ ಬಂದ ಮೇಲೆ ಅದು ನಗುವೋ ಏನೋ ತಿಳಿಯಲಿಲ್ಲ. ಮೂರೂಮುಕ್ಕಾಲು.

ಮತ್ತೆ ಮೊದಲಿಂದ. ಸಾಲು ಸಾಲಾಗಿ ನಡೆದಳು, ಪರೀಕ್ಷೆಯ ಕೋಣೆಯಲ್ಲಿ ನಡೆಯುವ ಮೇಡಂ ಹಾಗೆ, ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾರೆ, ಯಾರೂ ಉತ್ತರ ತೋರಿಸುವುದಿಲ್ಲ. ಎಲ್ಲ ಗುಪ್ಪೆಯ ಮೇಲೂ ಮುಳ್ಳು, ನರಿ ತೋಡಬಾರದೆಂದು ಹೂತ ದಿನ ಮುಳ್ಳು ಹೇರುತ್ತಾರೆ, ಒಂದು ಮಳೆಗಾಲ ಕಳೆದರೆ ಅದು ಬೂದಿಬಣ್ಣ, ಎರಡಾದರೆ ಪುಡಿ, ಆಮೇಲೆ ನರಿಗೂ ಬೇಡ ಮನುಷ್ಯರಿಗೂ ಬೇಡ. ಬೂದಿ, ಬೂದಿ, ಪುಡಿ, ಬರೀ ಕಲ್ಲು, ಬೂದಿ, ಹಸಿರು. ನಿಂತಳು. ಕಸದ ಗುಡ್ಡೆಯ ಅಂಚಿಗೆ ಇನ್ನು ನಾಲ್ಕು ಮಾರು ಇರುವಾಗ ಒಂದು ಗುಪ್ಪೆ, ಅದರ ಮೇಲೆ ಕಾರೆಮುಳ್ಳು, ಹಸಿಯದು, ಎಲೆ ಬಾಡಿಲ್ಲ, ಕಡಿದ ಜಾಗದಲ್ಲಿ ತಿರುಳು ಬಿಳಿಯಾಗಿದೆ, ನಿನ್ನೆ ಕಡಿದದ್ದು, ಅಥವಾ ಈ ದಿನ ಬೆಳಗಿನ ಜಾವ, ಅದರ ಕೆಳಗೆ ಅರೆ ಬಾಡಿದ್ದು, ಅದರ ಕೆಳಗೆ ಒಣಗಿದ್ದು, ಪದರ ಪದರ, ತಿಂಗಳು ತಿಂಗಳಿನದು. ನಾಳೆ ಗುಡ್ಡ ಬೀಳುವ ಜಾಗಕ್ಕೆ ನರಿ ತೋಡೀತೆಂದು ಇವತ್ತು ಮುಳ್ಳು ತಂದು ಹಾಕಿದವರು ಯಾರು. ಮುಂಗೈ. ಮಾವನ ಮುಂಗೈ, ಅಮಾವಾಸ್ಯೆಯ ಮಾರನೆ ದಿನ ಊಟಕ್ಕೆ ಕೈ ಚಾಚಿದಾಗ ಮುಂಗೈ ತುಂಬ ಗೀರು, ಬೇಲಿ ಕಟ್ಟಿದೆ ಅನ್ನುತ್ತಿದ್ದ, ಎಷ್ಟು ಸಲ, ಪ್ರತಿ ತಿಂಗಳು, ಒಬ್ಬ ಮನುಷ್ಯ ಎಷ್ಟು ಬೇಲಿ ಕಟ್ಟುತ್ತಾನೆ ಎಂದು ಅವಳು ಕೇಳಲಿಲ್ಲ, ಮಗನ ಹೆಸರು ಆ ಬಾಯಲ್ಲಿ ಮತ್ತೆ ಬರಲೇ ಇಲ್ಲ, ಕಲ್ಲು ಅಂದುಕೊಂಡಳು, ಯಲ್ಲಕ್ಕನೂ ಹಾಗೇ ಅಂದುಕೊಂಡಿರಬೇಕು, ಒಂದೇ ಸೂರಿನ ಕೆಳಗೆ ಮೂರು ಜನ, ಮೂರು ವರ್ಷ, ಉಪ್ಪು ಸಾಕಾ, ಸಾಕು, ನೀರು ಬಂತಾ, ಬಂತು, ಇಷ್ಟೇ ಮಾತು. ಇಷ್ಟು ಮುಳ್ಳಿತ್ತೇ ಮಾವ.

ತೆಗೆಯತೊಡಗಿದಳು. ಮೇಲಿನದು ಸುಲಭವಾಗಿ ಬಂತು, ಕೆಳಗಿನವು ಒಂದಕ್ಕೊಂದು ಹೆಣೆದುಕೊಂಡಿವೆ, ಎಳೆದರೆ ಎಲ್ಲವೂ ಎದ್ದು ಬರುತ್ತವೆ, ಬೆರಳಿಗೆ ಚುಚ್ಚಿತು, ಅಂಗೈಗೆ ಚುಚ್ಚಿತು, ನೋವಾಯಿತು, ನೋವು ಕೈಯಲ್ಲೇ ಇತ್ತು, ಬೇರೆಲ್ಲೂ ಹೋಗಲಿಲ್ಲ, ಇರಲಿ, ಬೇಲಿಗೂ ಇದೇ ಮುಳ್ಳು, ಇದಕ್ಕೂ ಇದೇ ಮುಳ್ಳು, ಆ ದಿನ ಎರಡು ಮಾರು, ಈ ದಿನ ಎರಡು ಮೊಳ, ಎಲ್ಲವನ್ನೂ ತೆಗೆಯುತ್ತೇನೆ, ಐದಕ್ಕೆ ಇನ್ನೂ ಹದಿನೈದು ನಿಮಿಷ, ಕೊನೆಯ ಕಂತೆ ಬಂತು, ಕೆಳಗೆ ಕಲ್ಲು, ಕಲ್ಲಿನ ನಡುವೆ ಮಣ್ಣು, ಮಧ್ಯದಲ್ಲಿ ಸ್ವಲ್ಪ ಕುಸಿದಿದೆ, ಅಲ್ಲಿ ಎದೆ. ತಲೆ ತೆಂಕಣಕ್ಕೆ ಇಡುತ್ತಾರೆ, ಅಷ್ಟು ಗೊತ್ತು, ತಲೆಯ ಕಡೆ ಹೋಗಬೇಕಿತ್ತು, ಹೋಗಲಿಲ್ಲ, ಅವನ ಮುಖ ಅವಳಿಗೆ ಕಿಂಡಿಯಷ್ಟೇ ಉಳಿದಿದೆ, ಒಂದು ಕಣ್ಣು, ಅರ್ಧ ಮೀಸೆ, ಬಡಗಣಕ್ಕೆ ಬಂದು ಕುಳಿತಳು, ಕಾಲಿನ ಕಡೆ, ಎರಡು ಕಲ್ಲು ಸರಿಸಿ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟಳು, ಬಿಸಿಲಿಗೆ ಮಣ್ಣು ಬೆಚ್ಚಗಿದೆ, ಇಲ್ಲೇ, ಇದರ ನೇರ ಕೆಳಗೆ. ಅತ್ತೆಗೆ ಏನು ಹೇಳಬೇಕು. ನೋಡಿದೆ ಅತ್ತೆ, ಬೇವಿನ ಮರ ಇಲ್ಲ ಎನ್ನಲೇ, ಇದೆ ಎನ್ನಲೇ, ಮಾವ ಮುಳ್ಳು ಹಾಕುತ್ತಿದ್ದರು ಎನ್ನಲೇ, ತೆಗೆದುಬಿಟ್ಟೆ ಎನ್ನಲೇ. ಅತ್ತೆ ಕೇಳುವುದಿಲ್ಲ, ಅತ್ತೆ ಯಾವುದನ್ನೂ ಬಾಯಿ ಬಿಟ್ಟು ಕೇಳುವವಳಲ್ಲ ಹೇಳುವವಳಲ್ಲ, ಆ ದಿನ ಒಳಗೆ ಮಗನ ಕಾಲು ತೊಳೆದವಳು ಅವಳೇ ಇರಬೇಕು, ಹೆಬ್ಬೆರಳು ಕಟ್ಟಿದವಳೂ, ಸತ್ತವನ ಎರಡು ಹೆಬ್ಬೆರಳು ಸೇರಿಸಿ ಕಟ್ಟುತ್ತಾರೆ, ದಾರದಲ್ಲಿ ಕಟ್ಟುತ್ತಾರೆ, ಬಿಳಿ ದಾರ, ಅದು ದಾರ ಆಗಿರಲಿಲ್ಲ. ಹಸಿರು ಇತ್ತು. ಸೀರೆಯ ಅಂಚು, ಹಸಿರು ಅಂಚು, ಎಂ.ಎ. ಪಾಸಾದಾಗ ಅವನು ಹೊಳಲ್ಕೆರೆಯಿಂದ ತಂದ ಸೀರೆ, ಅವಳದು, ಕಿಂಡಿಯಲ್ಲಿ ಕಂಡಾಗಲೇ ಗೊತ್ತಾಗಿತ್ತು, ತಂತಿಯ ಮೇಲೆ ಕೈಗೆ ಸಿಕ್ಕಿದ್ದನ್ನು ಯಾರೋ ಹರಿದರು ಎಂದುಕೊಂಡಳು, ಮೂರು ವರ್ಷ ಹಾಗೇ ಅಂದುಕೊಂಡಳು, ಯಾರೋ, ಸಿಕ್ಕಿದ್ದನ್ನು, ಆದರೆ ಮಳೆ, ಮೂರು ದಿನದಿಂದ ಮಳೆ, ತಂತಿಯ ಮೇಲೆ ಯಾರು ಬಟ್ಟೆ ಹಾಕುತ್ತಾರೆ, ಸೀರೆ ತಂತಿಯ ಮೇಲಿರಲಿಲ್ಲ, ಬಸುರಿಯಾಗಿ ಏಳು ತಿಂಗಳಲ್ಲೇ ಮಡಿಸಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು, ಮೇಲೆ ಕೌದಿ, ಕೌದಿಯ ಮೇಲೆ ಪುಸ್ತಕಗಳು. ಪುಸ್ತಕ ತೆಗೆದಿಟ್ಟು, ಕೌದಿ ತೆಗೆದಿಟ್ಟು, ಮಗನ ಹೆಣ ಅಂಗಳದಲ್ಲಿರುವಾಗ, ಅತ್ತೆ, ಹುಡುಕಿ. ಕೆಳಗೆ ಜೀಪಿನ ಹಾರ್ನ್ ಆಯಿತು. ಬೇಲಿಯ ಆಚೆ ನಿಂತವಳಿಗೆ ಬದಲಾಗಿ ಅವಳ ಸೀರೆ. ಮೇಡಂ, ಎಂದು ಯಾರೋ ಕೂಗುತ್ತಿದ್ದಾರೆ, ಮೇಡಂ, ಎಲ್ಲಿದ್ದೀರಾ, ಐದಾತು, ಅವಳ ಅಂಗೈ ಮಣ್ಣಿನ ಮೇಲಿದೆ, ತೆಗೆಯಬೇಕು, ಮುಳ್ಳನ್ನು ಮತ್ತೆ ಹಾಕಬೇಕೇ, ಬೇಡ, ಹಾರ್ನ್, ಬರ್ತೀನಿ ಸಾರ್ ಎನ್ನಬೇಕು, ಅಂಗಾಲು ಹೋಗುತ್ತಿವೆ, ಎರಡು, ಬಿರುಕಿನಲ್ಲಿ ಕೆಂಪು, ಹೋಗುತ್ತಿವೆ, ಹೆಬ್ಬೆರಳಿಗೆ ಹೆಬ್ಬೆರಳು ಸೇರಿಸಿ ಎರಡು ಸುತ್ತು, ಬಿಗಿಯಾಗಿ, ಹಸಿರು ಅಂಚು, ಹೆಬ್ಬೆರಳಿಗೆ ಹೆಬ್ಬೆರಳು, ಹಸಿರು ಅಂಚು